ಅತ್ತೆಯ ಹೆಸರಿನವಳು

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಾನು ಯಾರೆಂದು ಗೊತ್ತಾಗಲಿಕ್ಕಿಲ್ಲ, ಆ ಹೆಸರಿನವರು ನಮ್ಮ ಜಿಲ್ಲೆಯಲ್ಲಿ ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಆದರೆ ಅದು ನನ್ನ ಅತ್ತೆಯ ಹೆಸರೂ ಹೌದು. ಅವರನ್ನು ಕೇಳದೆ ಬರೆಯಬಾರದು ಎಂದು 'ಬರೀಲೇನ್ರಿ ಅತ್ತಿ?' ಎಂದು ಕೇಳಿದೆ. 'ಪುಸ್ತಕದಾಗ ನನ್ನ ಹೆಸರು ಯಾಕವ್ವಾ? ನಾ ಏನ್ ಎಲೆಕ್ಷನ್‌ಗೆ ನಿಂತೀನೇನು?' ಎಂದರು. ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರು, ಮಾವನ ಹೆಸರು, ಅತ್ತೆಯ ಹೆಸರು, ಈ ಮೂರನ್ನೂ ಬಾಯಲ್ಲಿ ಹಿಡಿಯಬಾರದು. ನಾನು ನವಲಿ ಕಡೆಯವಳು, ಕಾಲುವೆ ನೀರು, ಭತ್ತದ ಗದ್ದೆ, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು ಕೇಳುತ್ತ ಬೆಳೆದವಳು. ಕೊಟ್ಟದ್ದು ಕುಷ್ಟಗಿಯಿಂದ ಯಲಬುರ್ಗಾ ಕಡೆಗಿನ ಒಂದು ಎರೆಭೂಮಿಯ ಊರಿಗೆ. ಹುಡುಗ ಫೌಜಿನಲ್ಲಿದ್ದ. ನಮ್ಮಪ್ಪ ಹುಡುಗನ ನಡತೆ ವಿಚಾರಿಸಿದ, ಹೊಲ ನೋಡಿದ, ಮನೆಯ ಬಾವಿಗೆ ನೀರಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ. ಹೆಸರನ್ನು ಮಾತ್ರ ಯಾರೂ ನೋಡಲಿಲ್ಲ. ನಿಶ್ಚಯದ ದಿನ ನನ್ನ ಹೆಸರು ಕೇಳಿ ಅತ್ತೆಯಾಗುವವರು ಕೈಯಲ್ಲಿದ್ದ ಎಲೆಅಡಿಕೆ ತಾಟನ್ನು ಕೆಳಗಿಟ್ಟರು. 'ಅಯ್ಯ ಶಿವನ! ನನ್ನ ಹೆಸರ ಐತಲ್ಲ ಈಕಿಗೆ!'

ಮದುವೆಯೇನೂ ನಿಲ್ಲಲಿಲ್ಲ. ಹೆಸರು ಬದಲಿ ಮಾಡಿದರಾಯಿತು ಎಂದರು ಹಿರಿಯರು. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಗಂಡನ ಕೈಗೆ ಉಂಗುರ ಕೊಟ್ಟು, ಹೊಸ ಹೆಸರು ಬರೆಸಿದರು. ಅವರಮ್ಮ ಪಕ್ಕದಲ್ಲಿ ಕೂತು ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. ನನ್ನ ಗಂಡ ಫೌಜಿ ಮನುಷ್ಯ, ಮೇಲಿನವರು ಹೇಳಿದ್ದಕ್ಕೆ ಎದುರಾಡಿ ಗೊತ್ತಿಲ್ಲ, ಬರೆದೇಬಿಟ್ಟರು. ನಾನು ಬಾಗಿ ನೋಡಿದರೆ ತಾಟು ಅವರ ಕಡೆ ತಿರುಗಿತ್ತು, ನನ್ನ ಹೊಸ ಹೆಸರು ನನಗೆ ತಲೆಕೆಳಗಾಗಿ ಕಂಡಿತು.

ಹೀಗೆ ನನ್ನ ಹೆಸರನ್ನು ನಾನೇ ಹೇಳಬಾರದ ಮನೆಗೆ ಬಂದೆ. ನಾಲ್ಕು ಮನೆ ಆಚೆ ಅದೇ ಹೆಸರಿನ ಇನ್ನೊಬ್ಬರಿದ್ದರು, ಅವರನ್ನು 'ಮೂಲಿಮನಿ ಅಕ್ಕ' ಎಂದೆ. ಬಸುರಿಯಾದಾಗ ನರ್ಸಮ್ಮ ರಿಜಿಸ್ಟರ್ ತೆರೆದು ಹೆಸರು ಕೇಳಿದರೆ ಮೂಕಳ ಹಾಗೆ ಆಧಾರ್ ಕಾರ್ಡು ಮುಂದೆ ಹಿಡಿದೆ. ಅದರಲ್ಲಿ ಅವ್ವ ಇಟ್ಟ ಹೆಸರೇ ಇತ್ತು, ಶಾಲೆಯ ದಾಖಲೆಯಲ್ಲೂ ಅದೇ. ನಮ್ಮವ್ವನಂತೂ ಫೋನು ಮಾಡಿದರೆ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದಳು. ಒಮ್ಮೆ ಫೋನು ಸ್ಪೀಕರಿನಲ್ಲಿತ್ತು. ಅವ್ವ ನನ್ನ ಹೆಸರು ಹಿಡಿದು 'ಉಂಡ್ಯೇನ?' ಎಂದಳು. ಅಡುಗೆಮನೆಯಿಂದ ಅತ್ತೆ 'ಹೂನ್ರಿ ಬೀಗ್ತೀ, ಈಗ ಉಂಡೆ' ಎಂದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ನಗುವುದಕ್ಕೆ ಛಲೋ ಇತ್ತು. ಗೋಳಾದದ್ದು ಆಮೇಲೆ.

ನನ್ನ ಗಂಡನಿಗೆ ಲಿಸ್ಟ್ ಮಾಡುವ ಹುಚ್ಚು. ರಜೆ ಮುಗಿಸಿ ಹೊರಡುವ ಹಿಂದಿನ ದಿನ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಿಂದೆ ಬರೆಯುತ್ತಿದ್ದರು: ಸಿಲಿಂಡರ್ ತೀರಿದರೆ ಯಾರಿಗೆ ಹೇಳಬೇಕು, ಅವ್ವನ ಬಿಪಿ ಗುಳಿಗೆ ಎಲ್ಲಿ ಸಿಗುತ್ತವೆ, ಕಡಲೆ ಬಿತ್ತುವಾಗ ಕೂರಿಗೆ ಯಾರದು, ಫೋನು ಹತ್ತದಿದ್ದರೆ ಯಾವ ನಂಬರಿಗೆ ಮಾಡಬೇಕು, ಅದೂ ಹತ್ತದಿದ್ದರೆ ಯಾವುದಕ್ಕೆ. ಅದನ್ನು ಅಲಮಾರಿಯ ಬಾಗಿಲ ಒಳಗಡೆ ಅಂಟಿಸುತ್ತಿದ್ದರು. 'ಫೌಜಿನ್ಯಾಗ ಎಲ್ಲಾದಕ್ಕೂ ಪ್ಲಾನ್ ಇರತೈತಿ. ಪ್ಲಾನ್ ಕೆಟ್ರ ಇನ್ನೊಂದು ಪ್ಲಾನ್ ಇರತೈತಿ,' ಎನ್ನುವರು. ಇಂಥ ಮನುಷ್ಯ ಮದುವೆಯಾದ ಹದಿನೈದನೆಯ ದಿನ ಕುಷ್ಟಗಿಗೆ ಹೋಗಿ, ನನಗೂ ಹೇಳದೆ, ಮದುವೆಯಾಗಿದೆ ಎಂದು ಅಫಿಡವಿಟ್ ಬರೆಸಿಕೊಂಡು, ಅದನ್ನೇ ಒಯ್ದು ಪಲ್ಟನ್ನಿನಲ್ಲಿ ಕೊಟ್ಟರು. ಅದರಲ್ಲಿ ಹೆಂಡತಿಯ ಹೆಸರು ಅಕ್ಕಿಯ ಮೇಲೆ ಬರೆದದ್ದು. ಫೌಜಿನ ದಾಖಲೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಇನ್ನೇನು ಇರುತ್ತದೆ, ಅತ್ತೆಯ ಹೆಸರು. ಅಂದರೆ ನನ್ನದು.

ಮಗಳು ಹುಟ್ಟಿದಳು. ದಪ್ಪ ಕೆನ್ನೆ, ಅಪ್ಪನ ಹುಬ್ಬು. ಮಲಗಿದರೆ ಓಣಿಯಲ್ಲಿ ಬ್ಯಾಂಡ್ ಹೊಡೆದುಕೊಂಡು ಹೋದರೂ ಏಳುತ್ತಿರಲಿಲ್ಲ. 'ಎಷ್ಟ್ ಶಾಣ್ಯಾ ಕೂಸು! ನಮ್ಮವು ಹುಲ್ಲುಕಡ್ಡಿ ಬಿದ್ರೂ ಏಳ್ತಾವ,' ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ನಾನೂ ಬೀಗಿದೆ. ಬೀಗಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವರ್ಷ ತುಂಬಿದರೂ ಅಮ್ಮ, ಅಪ್ಪ ಏನೂ ಇಲ್ಲ. 'ಇವರಪ್ಪನೂ ತಡಾನ ಮಾತಾಡಿದ್ದು, ಮೂರು ತುಂಬಿದ ಮ್ಯಾಲೆ,' ಎಂದರು ಅತ್ತೆ. ಒಂದು ದಿನ ಹಂಡೆಯ ಮುಚ್ಚಳ ನನ್ನ ಕೈ ಜಾರಿ ಬಂಡೆಯ ಮೇಲೆ ಬಿತ್ತು. ಕಟ್ಟೆಯ ಮೇಲಿನ ಬೆಕ್ಕು ಹಾರಿತು, ಅತ್ತೆ ದೇವರ ಕೋಣೆಯಿಂದ ಬೈದರು, ಮಗಳು ಮಾತ್ರ ನನಗೆ ಬೆನ್ನು ಮಾಡಿ ಕೂತು ಕಿನ್ನಾಳದ ಮರದ ಗಿಳಿಯ ಬಾಲವನ್ನು ಚೀಪುತ್ತಿದ್ದಳು. ನಾನು ಮುಚ್ಚಳ ಎತ್ತಿ, ಬೇಕೆಂದೇ ಮತ್ತೊಮ್ಮೆ ಎತ್ತಿಹಾಕಿದೆ. ಮತ್ತೊಮ್ಮೆ. ಅವಳು ತಿರುಗಲಿಲ್ಲ.

ಕೊಪ್ಪಳಕ್ಕೆ ಒಯ್ದೆ. ಎರಡು ಸಲ ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ ಎಂದರು ಡಾಕ್ಟರಮ್ಮ. ಒಳಗೆ ಒಂದು ಯಂತ್ರ ಇಡುವ ಆಪರೇಷನ್ ಇದೆ, ಮಾಡಿಸಿ ಕಲಿಸಿದರೆ ಕೇಳುತ್ತಾಳೆ, ಮಾತೂ ಬರುತ್ತದೆ. ಆದರೆ ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ, ಎರಡು ತುಂಬುವುದರೊಳಗೆ ಆದರೆ ಒಳ್ಳೆಯದು, ತಡವಾದಷ್ಟೂ ಫಲ ಕಡಿಮೆ ಎಂದು ನನ್ನ ಕೈ ಹಿಡಿದು ಹೇಳಿದರು. ಮಗಳಿಗೆ ಆಗ ಒಂದೂವರೆ. ಊರಿಗೆ ಬರುವ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಬಸ್ಸು ಇಳಿದ ಮೇಲೆ ಅಳಲಿಲ್ಲ. ಅಳುವುದಕ್ಕೆ ಆರು ತಿಂಗಳಲ್ಲಿ ಜಾಗ ಎಲ್ಲಿದೆ?

ಗಂಡನಿಗೆ ಫೋನು ಹಚ್ಚಿದೆ. ಅವರು ಆಗ ಗಡಿಯ ಕಡೆ ಇದ್ದರು, ಗಾಳಿಯ ಸದ್ದಿನ ನಡುವೆ ಮಾತು ತುಂಡು ತುಂಡಾಗಿ ಬರುತ್ತಿತ್ತು. 'ಎರಡೂ ಕಿವಿನ?' ಎಂದು ಎರಡು ಸಲ ಕೇಳಿದರು. ಆಮೇಲೆ ಲಿಸ್ಟಿನ ದನಿ ಬಂತು. 'ಫೌಜಿನ ದೊಡ್ಡ ದವಾಖಾನ್ಯಾಗ ಮಾಡ್ತಾರ. ಜವಾನರ ಮಕ್ಕಳಿಗೆ ಅದು ಹಕ್ಕು. ಕೂಸಿನ ಹೆಸರು ನನ್ನ ರಿಕಾರ್ಡಿನ್ಯಾಗ ಇರಬೇಕು, ಅಷ್ಟ.'

'ಐತಲ್ಲ ಮತ್ತ?'

'ಹುಟ್ಟಿದಾಗ ಕಾಗದ ಕಳಿಸಿದ್ದೆ. ಏನೋ ಹೆಸರು ಹೊಂದವಲ್ದು ಅಂತ ವಾಪಸ್ ಬಂದಿತ್ತು. ರಜಾಕ್ಕ ಬಂದಾಗ ನೋಡಿದ್ರಾತು ಅಂತ...'

'ಇಟ್ಟುಬಿಟ್ರಿ?'

'ಇಟ್ಟೀನಿ.'

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಎಲ್ಲರೂ ಹೇಳುತ್ತಾರೆ. ಅವತ್ತು ನಾನು ಆಡಿದ ಮಾತುಗಳನ್ನು ಗಡಿಯಾಚೆಯವರು ಕೇಳಿಸಿಕೊಂಡಿದ್ದರೆ ಅವರೇ ಹಿಂದೆ ಸರಿಯುತ್ತಿದ್ದರು. ಕೊನೆಗೆ ಗಂಡ ಇಷ್ಟೇ ಅಂದರು: 'ಬೈ, ಎಷ್ಟರ ಬೈ. ಆದ್ರ ಕೇಳು. ಹನ್ನೆರಡು ದಿನಕ್ಕ ನಾವು ಮ್ಯಾಲೆ ಹಿಮದ ಗುಡ್ಡಕ್ಕ ಹೊಂಟೀವಿ. ಅಲ್ಲಿ ಫೋನೂ ಇಲ್ಲ, ಟಪಾಲೂ ಇಲ್ಲ. ಅರ್ಜಿಗೆ ನನ್ನ ಸಹಿ ಬೇಕು. ಹನ್ನೆರಡು ದಿನದಾಗ ಕಾಗದ ನನ್ನ ಕೈಗೆ ಮುಟ್ಟಿಸು. ಇಲ್ಲಂದ್ರ ಮೂರು ತಿಂಗಳು, ನಾಕು ತಿಂಗಳು, ನನಗ ಗೊತ್ತಿಲ್ಲ.' ಫೌಜಿನಿಂದ ವಾಪಸ್ ಬಂದಿದ್ದ ಆ ಪತ್ರದ ಫೋಟೋ ತೆಗೆದು ಕಳಿಸಿದರು.

ಇಂಗ್ಲಿಷ್ ಪತ್ರ. ನಾನು ಪಿಯುಸಿ ಓದಿದವಳು, ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮರುದಿನವೇ ಕೊಪ್ಪಳಕ್ಕೆ ಹೋದೆ. ಅಲ್ಲಿ ಮಾಜಿ ಸೈನಿಕರು ಕೂಡುವ ಒಂದು ಸಣ್ಣ ಕೋಣೆ ಇದೆ. ನಿವೃತ್ತ ಸುಬೇದಾರರೊಬ್ಬರು ಅಲ್ಲಿ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂಡುತ್ತಿದ್ದರು. ಪಿಂಚಣಿ ನಿಂತ ವಿಧವೆ ಇರಲಿ, ಗಂಡ ದೂರವಿದ್ದು ದಿಕ್ಕು ತೋಚದ ಹುಡುಗಿ ಇರಲಿ, ಎಲ್ಲರ ಕಾಗದ ಓದಿ ದಾರಿ ಹೇಳುವುದು ಅವರ ಕೆಲಸ. ಯಾರೂ ನೇಮಿಸಿದ್ದಲ್ಲ, ತಾವೇ ಹಚ್ಚಿಕೊಂಡದ್ದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು.

ಕಾಕಾ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿದರು. ಅವರ ಮೀಸೆ ನಡುಗತೊಡಗಿತು.

'ತಂಗಿ, ಸಿಟ್ಟಾಗಬ್ಯಾಡ. ಈ ಕಾಗದದ ಪ್ರಕಾರ ಜವಾನನ ಹೆಂಡ್ತಿ ಒಬ್ಬಾಕಿ. ಕೂಸಿನ ತಾಯಿ ಇನ್ನೊಬ್ಬಾಕಿ.'

'ಇನ್ನೊಬ್ಬಾಕಿ ಯಾರ್ರಿ?'

'ಜವಾನನ ತಾಯಿ.'

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಆಧಾರಿನಲ್ಲಿದ್ದಂತೆ, ಅವ್ವ ಇಟ್ಟದ್ದು. ಫೌಜಿನ ದಾಖಲೆಯಲ್ಲಿ ಆ ಹೆಸರಿನವರು ಒಬ್ಬರೇ, ನನ್ನ ಅತ್ತೆ. ಅಂದರೆ ನನ್ನ ಮಗಳನ್ನು ಹೆತ್ತವರು ನನ್ನ ಅತ್ತೆ, ಅರವತ್ತು ದಾಟಿದವರು, ಅದೂ ತಮ್ಮ ಸ್ವಂತ ಮಗನಿಗೆ! ಶಿವ ಶಿವಾ! ಕಾಕಾ ತಡೆಯಲಾರದೆ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ, ಆಮೇಲೆ ಆ ನೀರು ನಗುವಿನದಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಕಾಕಾ ಚಹಾ ತರಿಸಿದರು.

'ಫೌಜಿನವರದು ತಪ್ಪಿಲ್ಲ ನೋಡು. ಅವರಿಗೆ ಕಾಗದ ಅಷ್ಟ ಕಾಣತೈತಿ. ಅಕ್ಕಿ ತಾಟು ಅವರಿಗೇನು ಗೊತ್ತು?' ಎಂದು ಕಾಕಾ ಒಂದು ಹಾಳೆ ತೆಗೆದು ನಡುವೆ ಗೆರೆ ಹೊಡೆದರು. 'ಎರಡು ದಾರಿ ಅದಾವ. ನಿನ್ನ ಮದುವಿ ಹೆಸರು ಇಟ್ಕೊಳ್ಳೂದಾದ್ರ ಇಲ್ಲಿ ಆಧಾರ್, ಸಾಲಿ ದಾಖಲೆ, ಕೂಸಿನ ಪ್ರಮಾಣಪತ್ರ, ಎಲ್ಲಾ ತಿದ್ದಬೇಕು. ಮೂರು ಮೋರ್ಚಾ, ಮೂರು ಕಡೆ ಲಡಾಯಿ. ತವರಿನ ಹೆಸರು ಇಟ್ಕೊಳ್ಳೂದಾದ್ರ ಅಲ್ಲಿ ಫೌಜಿನ್ಯಾಗ ಒಂದ ತಿದ್ದಿದ್ರ ಸಾಕು. ಒಂದ ಮೋರ್ಚಾ. ಹನ್ನೆರಡು ದಿನದಾಗ ಆಗೂದು ಅದೊಂದ.' ಅಷ್ಟು ಹೇಳಿ ಪೆನ್ನು ಕೆಳಗಿಟ್ಟು ಕೇಳಿದರು: 'ಅದು ಇರ್ಲಿ. ನಿನಗ ಯಾವ ಹೆಸರು ಬೇಕು ತಂಗಿ?'

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಿಶ್ಚಯದ ದಿನ ಕೇಳಿರಲಿಲ್ಲ, ಮದುವೆಯ ದಿನ ಕೇಳಿರಲಿಲ್ಲ. ನಾನು ಯೋಚಿಸುವ ಮೊದಲೇ ಬಾಯಿಂದ ಬಂತು: 'ನಮ್ಮವ್ವ ಇಟ್ಟದ್ದು.'

ಬೇಕಾದದ್ದು ನಾಲ್ಕು ಕಾಗದ. ನನ್ನ ಅಫಿಡವಿಟ್, ಪೇಪರಿನಲ್ಲಿ ಒಂದು ಪ್ರಕಟಣೆ, ಗಂಡನ ಅರ್ಜಿ. ನಾಲ್ಕನೆಯದು ಅತ್ತೆಯದು: ಈಕೆ ನನ್ನ ಸೊಸೆ, ಈಕೆಯ ಹೆಸರು ಇಂಥದ್ದು, ನನ್ನ ಹೆಸರೂ ಅದೇ, ಆದರೆ ನಾವು ಇಬ್ಬರು ಬೇರೆ ಬೇರೆ. ಸಂಶಯ ಹುಟ್ಟಿದ್ದೇ ಅವರ ಹೆಸರಿನಿಂದ, ಆದ್ದರಿಂದ ಅವರ ಬಾಯಿಂದಲೇ ಬಂದರೆ ಮತ್ತೆ ಯಾರೂ ವಾಪಸ್ ಕಳಿಸುವುದಿಲ್ಲ ಎಂದರು ಕಾಕಾ.

ಮೊದಲ ಎರಡನ್ನು ನಾಲ್ಕು ದಿನದಲ್ಲಿ ಮುಗಿಸಿದೆ. ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಕುಷ್ಟಗಿ, ಕೊಪ್ಪಳ, ಮತ್ತೆ ಕುಷ್ಟಗಿ ಓಡಾಡಿದೆ. ಕ್ಯಾಲೆಂಡರಿನ ಹಾಳೆ ತಿರುಗಿಸಿ ನನ್ನದೇ ಒಂದು ಲಿಸ್ಟ್ ಬರೆದು ಗಂಡನ ಲಿಸ್ಟಿನ ಮೇಲೆ ಅಂಟಿಸಿದೆ. ನಾಲ್ಕನೆಯದರ ಮುಂದೆ ಮಾತ್ರ ಗುರುತು ಬೀಳಲಿಲ್ಲ.

'ನಾ ಬರಂಗಿಲ್ಲ,' ಎಂದರು ಅತ್ತೆ.

'ಕೂಸಿನ ಸಲುವಾಗಿ ಅತ್ತಿ.'

'ಅಕ್ಕಿ ಮ್ಯಾಲೆ ಬರದಿದ್ದ ಹೆಸರನ್ನ ಮಾಡಸು. ಎಷ್ಟು ಕಾಗದ ಬೇಕಾದ್ರೂ ಮಾಡಸು. ನನ್ನ ಹೆಸರು ನಿನಗ ಬ್ಯಾಡ.'

ಮೊದಲು ಇದು ಅತ್ತೆತನದ ಹಟ ಎಂದುಕೊಂಡೆ. ಅಲ್ಲ. ಮರುದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ತಾವೇ ಹೇಳಿದರು. ಅವರ ತವರಿನಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರಂತೆ, ಅಣ್ಣತಮ್ಮಂದಿರ ಮಕ್ಕಳು, ಅಜ್ಜಿಯ ಹೆಸರನ್ನೇ ಇಬ್ಬರಿಗೂ ಇಟ್ಟಿದ್ದರಂತೆ. ಇಬ್ಬರಿಗೂ ಒಂದೇ ವಾರ ಜ್ವರ ಬಂತು. ಒಬ್ಬಳು ಉಳಿದಳು. 'ಮನ್ಯಾಗ ಒಂದ ಹೆಸರು ಎರಡು ತಲಿ ಮ್ಯಾಲೆ ನಿಂದ್ರಂಗಿಲ್ಲ. ನಾ ಮುದುಕಿ, ಹೋದ್ರ ಹೋಗ್ಲಿ. ನಿನಗ ಏನರ ಆದ್ರ ನನ್ನ ಮಗನಿಗೆ ಏನ್ ಹೇಳ್ಲಿ?' ಎಂದರು. ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು, ಅವರು ನೋಡಲಿಲ್ಲ.

ಇಷ್ಟು ವರ್ಷ ಅವರು ನನ್ನ ಹೆಸರನ್ನು ಕಿತ್ತುಕೊಂಡರು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅವರು ನನ್ನನ್ನು ಉಳಿಸಿಕೊಳ್ಳಲು ಅದನ್ನು ಮುಚ್ಚಿಟ್ಟಿದ್ದರು. ಆದರೆ ದಿನಗಳು ನಿಲ್ಲಲಿಲ್ಲ. ಐದಾಯಿತು, ಆರಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯ ಪೂಜಾರಿ ದಿನಾ ನನ್ನ ಎದುರೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಬೇಡಿಕೊಂಡೆ. ಮೂಲಿಮನಿ ಅಕ್ಕನಿಂದ ಹೇಳಿಸಿದೆ. ಕಾಕಾ ಫೋನಿನಲ್ಲಿ ಹೇಳಿದರು, ಅವರಿಗೂ 'ನೀವು ಗಂಡಸ್ರು, ನಿಮಗ ತಿಳಿಯಂಗಿಲ್ರಿ' ಎಂದರು.

ಏಳನೆಯ ದಿನ ಮಧ್ಯಾಹ್ನ ನನ್ನ ತಾಳ್ಮೆ ಹರಿಯಿತು. ನಡುಮನೆಯಲ್ಲಿ ಅತ್ತೆ ಕೂತಿದ್ದರು, ಅವರ ಎದುರು ಮಗಳು ನನಗೆ ಬೆನ್ನು ಮಾಡಿ ಗಿಳಿಯ ಜೊತೆ ಆಡುತ್ತಿದ್ದಳು. 'ನಾಳೆ ನೋಡೂಣು' ಎಂದು ಅತ್ತೆ ಏನೋ ಅಂದರು. ನಾಳೆ ಎಂಬ ಮಾತು ಕೇಳಿದ್ದೇ ತಡ, ನಾನು ಹೊಸ್ತಿಲ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಆ ಹೆಸರನ್ನು ಒದರಿದೆ. ಬರೀ ಹೆಸರು. ಅತ್ತೆಯ ಹೆಸರು, ನನ್ನ ಹೆಸರು. ಮದುವೆಯಾದ ಮೇಲೆ ಮೊದಲ ಸಲ. 'ನಂದೂ ಅದ ಹೆಸರು! ನಮ್ಮವ್ವ ಇಟ್ಟದ್ದು! ನನಗ ಏನಾಗ್ತೈತೋ ಆಗ್ಲಿ!' ಎಂದು ಮತ್ತೊಮ್ಮೆ ಒದರಿದೆ.

ಓಣಿಯ ನಾಯಿ ಬೊಗಳಿತು. ಯಾರೋ ಬಾಗಿಲು ತೆರೆದು ಇಣುಕಿದರು. ಸೊಸೆ ಅತ್ತೆಯ ಹೆಸರು ಹಿಡಿದು ಒದರಿದಳು, ಇನ್ನು ಈ ಊರಿನಲ್ಲಿ ನನ್ನ ಮರ್ಯಾದೆ ಏನು ಉಳಿಯಿತು? ಅತ್ತೆ ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಕಾದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಎದುರು ಕೂತ ಮಗುವನ್ನು ನೋಡುತ್ತಿದ್ದರು. ಮಗಳು ಗಿಳಿಯನ್ನು ಬಲಗೈಯಿಂದ ಎಡಗೈಗೆ ದಾಟಿಸಿಕೊಂಡು ತನ್ನ ಪಾಡಿಗೆ ಆಡುತ್ತಿದ್ದಳು.

'ಇಷ್ಟ್ ಒದರಿದ್ರೂ ತಿರಗಲಿಲ್ಲಲ್ಲೇ ಕೂಸು,' ಎಂದರು ಅತ್ತೆ.

ಅಲ್ಲಿಯ ತನಕ ಅವರು ನಂಬಿರಲಿಲ್ಲ. ತಡವಾಗಿ ಮಾತು ಬರುತ್ತದೆ ಎಂದೇ ಇದ್ದರು. ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ, ತೆಗೆದು, ಮುಚ್ಚಿ, ತೆಗೆದು ನೋಡಿದರು. ಮಗಳಿಗೆ ಅದೊಂದು ಆಟ, ನಕ್ಕಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

'ಮುಂಜಾನೆ ಬಸ್ಸು ಎಷ್ಟಕ್ಕೈತಿ?' ಎಂದರು.

ಮರುದಿನ ಕುಷ್ಟಗಿಯಲ್ಲಿ ನೋಟರಿ ವಕೀಲರ ಮುಂದೆ ಕೂತೆವು. ಕಾಕಾ ಕೊಪ್ಪಳದಿಂದ ಮೊದಲ ಬಸ್ಸಿಗೇ ಬಂದಿದ್ದರು. ವಕೀಲರು ಅತ್ತೆಯನ್ನು ಕೇಳಿದರು: 'ಅಮ್ಮಾರ, ನಿಮ್ಮ ಗಂಡನ ಹೆಸರೇನ್ರಿ?' ಅತ್ತೆ ನನ್ನ ಮುಖ ನೋಡಿದರು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಆದರೂ ಅವರು ಹೇಳುವವರಲ್ಲ. ನಾನು ಮಾವನ ಹೆಸರು ಹೇಳುವ ಹಾಗಿಲ್ಲ. 'ಹೋಗ್ಲಿ, ನಿಮ್ಮ ಗಂಡನ ಹೆಸರು?' ಎಂದು ವಕೀಲರು ನನ್ನನ್ನು ಕೇಳಿದರು. ಅದನ್ನು ನಾನು ಹೇಗೆ ಹೇಳಲಿ? ವಕೀಲರು ಪೆನ್ನು ಮೇಜಿನ ಮೇಲೆ ಇಟ್ಟರು. 'ನಿಮ್ಮ ಮನ್ಯಾಗ ಯಾರಿಗೂ ಹೆಸರ ಇಲ್ಲೇನ್ರಿ?' ಕಾಕಾ ನಗುತ್ತ ಆಧಾರ್ ಕಾರ್ಡುಗಳನ್ನು ತೆಗೆದು ಒಂದೊಂದನ್ನೇ ಓದಿದರು.

ಕೊನೆಗೆ ವಕೀಲರು ಕೇಳಿದರು: 'ಈ ಹೆಣ್ಣುಮಗಳು ನಿಮಗ ಏನಾಗಬೇಕು?'

'ಸೊಸಿ.'

'ಹೆಸರು?'

ಕಾಕಾ ಕಾರ್ಡಿಗೆ ಕೈ ಹಾಕಿದರು. ಅತ್ತೆ ಕೈಯೆತ್ತಿ ತಡೆದರು. ಒಮ್ಮೆ ಕಣ್ಣು ಮುಚ್ಚಿ, ಕುಲದೇವರನ್ನು ನೆನೆದರೋ ಏನೋ, ತುಟಿ ಅಲ್ಲಾಡಿತು. ಆಮೇಲೆ ನನ್ನ ಹೆಸರು ಹೇಳಿದರು. ಪೂರ್ತಿ, ತವರಿನ ಅಡ್ಡಹೆಸರಿನ ಸಮೇತ. ಹೇಳಿ ಹೆಬ್ಬೆಟ್ಟು ಒತ್ತಿದರು. ಹೊರಗೆ ಬಂದ ಮೇಲೆ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಬಂದಿದೆಯೋ ಎಂದು. ಸಂಜೆಯೊಳಗೆ ಐದು ಸಲ ಮುಟ್ಟಿ ನೋಡಿದರು.

ಕಾಗದಗಳು ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಹೋದವು. ಹನ್ನೊಂದನೆಯ ದಿನ ಗಂಡನಿಂದ ಎರಡು ಸಾಲಿನ ಮೆಸೇಜ್ ಬಂತು: 'ಎಲ್ಲಾ ಮುಟ್ಯಾವ. ಸಹಿ ಮಾಡಿ ಕೊಟ್ಟೀನಿ, ಈಗ ಹೊಂಟೀವಿ.' ಆಮೇಲೆ ಫೋನು ಸುಮ್ಮನಾಯಿತು. ಆ ದಿನಗಳು ಹೇಗೆ ಹೋದವು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಲಿಸ್ಟ್ ಮಾತ್ರ. ಮುಂಜಾನೆ ಎದ್ದು ಅಲಮಾರಿ ತೆರೆಯುವುದು, ಇವತ್ತಿನದೇನು ನೋಡುವುದು, ಮಾಡುವುದು. ಕಾಕಾಗೆ ವಾರಕ್ಕೊಮ್ಮೆ ಫೋನು ಮಾಡುವುದು. 'ಬಂತೇನ್ರಿ ಕಾಕಾ?' 'ಇನ್ನಾ ಇಲ್ಲ ತಂಗಿ, ಗಟ್ಟಿ ಇರು.' ಗಂಡ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬ ಚಿಂತೆ ಒಂದು ಕಡೆ, ಮಗಳ ವಯಸ್ಸು ಒಂದು ಕಡೆ. ಎರಡನ್ನೂ ಒಟ್ಟಿಗೆ ಯೋಚಿಸಿದರೆ ಹುಚ್ಚು ಹಿಡಿಯುತ್ತದೆ ಎಂದು ಹೊಲಕ್ಕೆ ಹೋದಾಗ ಗಂಡನನ್ನು, ಮನೆಯಲ್ಲಿ ಮಗಳನ್ನು ಎಂದು ಪಾಲು ಮಾಡಿಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಕಾಕಾ ತಾವಾಗಿ ಫೋನು ಮಾಡಿದರು. 'ತಂಗಿ, ಆರ್ಡರ್ ಬಂತು. ಮೋರ್ಚಾ ಗೆದ್ದಿ!' ನಾನು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಈಗ ಫೌಜಿನ ಕಾಗದದಲ್ಲಿ ಹೆಂಡತಿಯೂ ನಾನೇ, ತಾಯಿಯೂ ನಾನೇ, ಮಗಳು ನನ್ನವಳೇ. ಎರಡು ತುಂಬಲು ಇನ್ನೂ ಮೂರು ತಿಂಗಳ ಮೇಲಿತ್ತು.

ಆಸ್ಪತ್ರೆ ಇದ್ದದ್ದು ದೂರದ ಶಹರದಲ್ಲಿ. ಗಂಡ ಇನ್ನೂ ಮೇಲೇ ಇದ್ದರು. ಅತ್ತೆ ನನ್ನ ಜೊತೆ ಹೊರಟರು. ರೈಲು ಇಳಿದಾಗ, ಪಲ್ಟನ್ನಿನಿಂದ ಹೇಳಿ ಕಳಿಸಿದ್ದ ಜವಾನನೊಬ್ಬ ಒಂದು ರಟ್ಟಿನ ಮೇಲೆ ಹೆಸರು ಬರೆದು ಎತ್ತಿ ಹಿಡಿದು ನಿಂತಿದ್ದ. ಆ ಜನಜಂಗುಳಿಯಲ್ಲಿ, ನಮ್ಮ ಮಾತು ಬಾರದ ಒಬ್ಬ ಹುಡುಗ ನಮಗಾಗಿ ಕಾಯುತ್ತಿದ್ದ.

'ಏನ್ ಬರದಾನ?' ಎಂದರು ಅತ್ತೆ, ಅವರಿಗೆ ಓದು ಬರದು.

'ನಿಮ್ಮ ಹೆಸರ್ರಿ.'

'ನನ್ನ ಹೆಸರು? ಇಷ್ಟು ದೂರದಾಗ?' ಎಂದು ಸೆರಗು ಸರಿಮಾಡಿಕೊಂಡರು. ಆಮೇಲೆ ತಿಳಿದು ನನ್ನ ಬೆನ್ನಿಗೆ ಒಂದು ಗುದ್ದಿದರು.

ಆಪರೇಷನ್ ನಡೆದ ಅಷ್ಟೂ ಹೊತ್ತು ನಾವಿಬ್ಬರೂ ಒಂದು ಬೆಂಚಿನ ಮೇಲೆ ಕೂತಿದ್ದೆವು. ಅವರ ಕೈ ನನ್ನ ಕೈಯಲ್ಲಿತ್ತು. ಮೂರನೆಯ ದಿನ ಗಂಡ ಬಂದರು, ಹಿಮಕ್ಕೆ ಸುಟ್ಟು ಮೂಗಿನ ಚರ್ಮ ಸುಲಿದಿತ್ತು, ಗುರುತೇ ಸಿಗಲಿಲ್ಲ. ಮಗಳ ತಲೆಯ ಪಟ್ಟಿ ನೋಡಿ ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ನನ್ನನ್ನು ಕೇಳಿದರು, 'ಈಗ ನಿನಗ ಏನಂತ ಕರೀಲಿ?'

'ಮೊದಲ ಏನಂತ ಕರೀತಿದ್ರಿ? ಏ ಅಂತ. ಹಂಗ ಕರೀರಿ,' ಎಂದೆ.

ಕೆಲವು ವಾರ ಬಿಟ್ಟು ಯಂತ್ರ ಶುರುಮಾಡಿದಾಗ ಮಗಳು ಹೆದರಿ ಅತ್ತಳು, ಅಷ್ಟೇ. ಕೇಳುವುದನ್ನೂ ಕಲಿಯಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಮನೆಯಲ್ಲಿ ದಿನಾ ಸದ್ದು ಮಾಡಿ ತೋರಿಸಿ, ಹಿಂದಿನಿಂದ ಕರೆದಾಗ ತಾನಾಗಿ ತಿರುಗಿದರೆ ಅವತ್ತು ಕೇಳಿತು ಎಂದು ತಿಳಿಯಿರಿ ಎಂದಿದ್ದರು ಡಾಕ್ಟರು. ಅಲಮಾರಿಯ ಲಿಸ್ಟಿನಲ್ಲಿ ಈಗ ಇದೊಂದೇ ಉಳಿದಿತ್ತು. ನಾನು ತಾಟು ಬಡಿದೆ, ಗಂಟೆ ಬಾರಿಸಿದೆ, ಅವಳ ಹೆಸರನ್ನು ದಿನಕ್ಕೆ ನೂರು ಸಲ ಕರೆದೆ. ಒಮ್ಮೊಮ್ಮೆ ರೆಪ್ಪೆ ಅಲುಗಿದಂತಿರುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ಗಂಡ ರಜೆ ಮುಗಿಸಿ ಹೋದರು. ನಾನು ಬಿಡಲಿಲ್ಲ.

ಕಡಲೆ ಒಕ್ಕಿ ಮನೆಗೆ ತಂದಿದ್ದ ದಿನಗಳು. ಒಂದು ಮುಂಜಾನೆ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ನಾನು ಮಾಳಿಗೆ ಹತ್ತಿ ಕಡಲೆ ಹರವುತ್ತಿದ್ದೆ. ಮಗಳು ಕೆಳಗೆ ಅಂಗಳದಲ್ಲಿ ಗಿಳಿಯ ಜೊತೆ ಕೂತಿದ್ದಳು. ಅವಳ ಹಿಂದೆ, ಎಮ್ಮೆಯ ಹತ್ತಿರ ಇದ್ದ ಅತ್ತೆಗೆ ಹಾಲು ಉಕ್ಕುವ ವಾಸನೆ ಬಂತು. ನನ್ನನ್ನು ಕರೆಯಬೇಕು. ಅಕ್ಕಿಯ ಮೇಲಿನ ಹೆಸರು ಬಾಯಿಗೆ ಬಂತೋ ಇಲ್ಲವೋ, ಗಡಿಬಿಡಿಯಲ್ಲಿ ಇನ್ನೊಂದು ಹೊರಗೆ ಬಿತ್ತು. ಅಂಗಳದ ತುಂಬ ಕೇಳುವ ಹಾಗೆ ಅತ್ತೆ ನನ್ನ ಹೆಸರು ಹಿಡಿದು ಒದರಿದರು.

ನಾನು ಮಾಳಿಗೆಯ ಅಂಚಿಗೆ ಓಡಿ ಬಂದೆ. ಅಷ್ಟರಲ್ಲಿ ಕೆಳಗೆ ಮಗಳು ತಿರುಗಿದ್ದಳು. ಗಿಳಿಯನ್ನು ಕೈಯಲ್ಲಿ ಹಿಡಿದುಕೊಂಡು, ಕತ್ತು ಪೂರ್ತಿ ಹಿಂದೆ ಹೊರಳಿಸಿ, ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

'ಸುಮ್ನ ನಿಂದ್ರು! ಇಳೀಬ್ಯಾಡ!' ಎಂದು ಅತ್ತೆ ನನಗೆ ಕೈ ತೋರಿಸಿದರು. ಮಗಳು ಮತ್ತೆ ಆಟಕ್ಕೆ ತಿರುಗುವ ತನಕ ಕಾದರು. ಆಮೇಲೆ ಮತ್ತೊಮ್ಮೆ ಒದರಿದರು. ಅವಳು ತಿರುಗಿದಳು. ಅತ್ತೆ ಕಂಬದ ಮರೆಗೆ ಹೋಗಿ ನಿಂತು ಒದರಿದರು. ತಿರುಗಿದಳು, ಈ ಸಲ ನಕ್ಕಳು.

ಹಾಲು ಉಕ್ಕಿ ಒಲೆ ಆರಿಹೋಯಿತು. ನಾನು ಮಾಳಿಗೆಯ ಅಂಚಿನಲ್ಲಿ ಬಾಯಿಗೆ ಸೆರಗು ಹಿಡಿದು ಅಳುತ್ತ ನಿಂತಿದ್ದೆ. ಕೆಳಗೆ ಅತ್ತೆ ಅಂಗಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡುತ್ತ ನಮ್ಮಿಬ್ಬರ ಹೆಸರನ್ನು ಒದರುತ್ತಲೇ ಇದ್ದರು, ನನ್ನ ಮಗಳು ಪ್ರತಿ ಸಲ ತಿರುಗುತ್ತಲೇ ಇದ್ದಳು.